ಬೇರೆಯವರು ಬಿತ್ತಿದ ಹೊಲದಲ್ಲಿ ಸುವಾರ್ತೆಯ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸುವಾರ್ತಾ ಸೇವೆಗೆ, ಅಂದರೆ ಯೇಸುವಿನ ವಿಷಯವನ್ನು ಜನರಿಗೆ ಸಾರುವ ಕೆಲಸಕ್ಕೆ, ಹೊಸದಾಗಿ ಸೇರಿದವರು, ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸುವವರು, ಇನ್ನೊಬ್ಬರು ಬಿಟ್ಟುಹೋದ ಕೆಲಸವನ್ನು ವಹಿಸಿಕೊಂಡವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ನೀವು ಯಾರ ಎದುರು ಕುಳಿತರೂ ಅವರ ಬಳಿಗೆ ದೇವರು ನಿಮಗಿಂತ ಮೊದಲೇ ಯಾರನ್ನೋ ಕಳುಹಿಸಿರುತ್ತಾನೆ ಎಂಬ ನಂಬಿಕೆಯಿಂದಲೇ ಈ ಉತ್ತರಗಳನ್ನು ಬರೆದಿದ್ದೇವೆ. ಆ ಮೊದಲಿನ ಕೆಲಸ ಏನೆಂದು ತಿಳಿದುಕೊಳ್ಳಬೇಕು, ಅದಕ್ಕೆ ಹೊಂದುವಂತೆ ನಮ್ಮದನ್ನು ಮಾಡಬೇಕು, ಮುಂದಿನವರಿಗೆ ಸರಿಯಾಗಿ ಒಪ್ಪಿಸಬೇಕು.

ಇನ್ನೊಬ್ಬರ ಕೆಲಸದ ಮೇಲೆ ಕಟ್ಟುವುದು ಎಂಬ ಮಾತು ಎಲ್ಲಿಂದ ಬಂತು?

ಗ್ರೀಸಿನ ಕೊರಿಂಥ ಎಂಬ ಊರಿನ ಕ್ರೈಸ್ತ ಸಭೆಯ ಜಗಳದಿಂದ. ಅಪೊಸ್ತಲನಾದ ಪೌಲನು ಆ ಊರಿನಲ್ಲಿ ಒಂದೂವರೆ ವರ್ಷ ಇದ್ದು ಸಭೆ ಕಟ್ಟಿದ (ಅಪೊಸ್ತಲರ ಕೃತ್ಯಗಳು 18:11). ಗಲ್ಲಿಯೋ ಅಲ್ಲಿ ರೋಮನ್ ಅಧಿಪತಿಯಾಗಿದ್ದ ಕಾಲ ಅದು; ಡೆಲ್ಫಿಯಲ್ಲಿ ಸಿಕ್ಕ ಶಾಸನದ ಆಧಾರದಿಂದ ಅದನ್ನು ಕ್ರಿ.ಶ. 51–52ರ ಸುಮಾರು ಎಂದು ಗುರುತಿಸುತ್ತಾರೆ. ಪೌಲನು ಹೊರಟುಹೋದ ಮೇಲೆ ಅಲೆಕ್ಸಾಂದ್ರಿಯದ ಅಪೊಲ್ಲೋಸ ಬಂದ. ಮಾತಿನಲ್ಲಿ ಚತುರ, ಶಾಸ್ತ್ರಗಳಲ್ಲಿ ಪಂಡಿತ. ಸ್ವಲ್ಪ ಕಾಲದಲ್ಲೇ ಸಭೆಯವರು 'ನಾವು ಪೌಲನ ಕಡೆಯವರು', 'ನಾವು ಅಪೊಲ್ಲೋಸನ ಕಡೆಯವರು' ಎಂದು ಬೇರೆ ಬೇರೆಯಾದರು. ಪೌಲ ಕೊಟ್ಟ ಉತ್ತರ ಅವರಿಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲಿದೆ (1 ಕೊರಿಂಥ 3): ನೆಟ್ಟವನು ತಾನು, ನೀರು ಹಾಕಿದವನು ಅಪೊಲ್ಲೋಸ, ಬೆಳೆಸಿದವನು ದೇವರು. ಅಸ್ತಿವಾರ ಹಾಕಿದವನು ಒಬ್ಬ, ಮೇಲೆ ಕಟ್ಟುವವನು ಮತ್ತೊಬ್ಬ. ಹೇಗೆ ಕಟ್ಟುತ್ತಿದ್ದೇನೆ ಎಂದು ಪ್ರತಿಯೊಬ್ಬನೂ ಎಚ್ಚರವಾಗಿರಲಿ.

ಈ ಅಧ್ಯಾಯದ ಜೊತೆಗೆ ಅದೇ ಪತ್ರದ 16:12ನ್ನೂ ಓದಬೇಕು. ತನಗೆ ಎದುರಾಳಿಯೆಂಬಂತೆ ಜನ ನಿಲ್ಲಿಸಿದ್ದ ಅದೇ ಅಪೊಲ್ಲೋಸನನ್ನು ಕೊರಿಂಥಕ್ಕೆ ಮತ್ತೆ ಹೋಗು ಎಂದು ಪೌಲನೇ ಬಹಳವಾಗಿ ಕೇಳಿಕೊಂಡಿದ್ದ. ಅಪೊಲ್ಲೋಸನೇ ಆಗ ಹೋಗಲು ಮನಸ್ಸು ಮಾಡಲಿಲ್ಲ. ಜಗಳ ಇದ್ದದ್ದು ಹಿಂಬಾಲಕರಲ್ಲಿ, ಇವರಿಬ್ಬರ ನಡುವೆ ಅಲ್ಲ. ಇವತ್ತಿನ ಎಷ್ಟೋ ಸಭಾ ಜಗಳಗಳಿಗೂ ಈ ಮಾತು ಒಪ್ಪುತ್ತದೆ.

ಬೇರೆಯವರ ಅಸ್ತಿವಾರದ ಮೇಲೆ ಕಟ್ಟಬಾರದೆಂದು ಪೌಲನೇ ಹೇಳಿದ್ದಾನಲ್ಲ?

ಹೇಳಿದ್ದಾನೆ, ರೋಮಾಪುರದವರಿಗೆ 15:20ರಲ್ಲಿ. ಆದರೆ ಅದು ತನಗೆ ಸಿಕ್ಕ ಕರೆಯ ಬಗ್ಗೆ ಹೇಳಿದ ಮಾತು. ಎಲ್ಲರಿಗೂ ಹಾಕಿದ ಕಟ್ಟಳೆಯಾಗಿದ್ದರೆ ಅಪೊಲ್ಲೋಸನ ಕೆಲಸವೇ ತಪ್ಪಾಗುತ್ತಿತ್ತು. ಆ ಪತ್ರ ಹೋದದ್ದೇ ಪೌಲನು ಕಟ್ಟದ, ಆಗಿನ್ನೂ ಕಾಲಿಡದ ರೋಮಿನ ಸಭೆಗೆ ಎಂಬುದನ್ನೂ ನೆನಪಿಡಿ. 2 ಕೊರಿಂಥ 10:15ರಲ್ಲಿ ಅವನ ನಿಜವಾದ ಕಾಳಜಿ ಕಾಣುತ್ತದೆ: ಇನ್ನೊಬ್ಬರು ಪಟ್ಟ ಪ್ರಯಾಸವನ್ನು ನನ್ನದೆಂದು ಹೊಗಳಿಕೊಳ್ಳಬಾರದು. ಮೇಲೆ ಕಟ್ಟಬಹುದು, ಹೆಸರು ಕದಿಯಬಾರದು.

ಎದುರಿಗಿರುವವರಲ್ಲಿ ಮೊದಲೇ ಏನು ಬಿತ್ತಿದೆ ಎಂದು ತಿಳಿಯುವುದು ಹೇಗೆ?

ಕೇಳಿ ತಿಳಿಯಬೇಕು, ಬೇರೆ ದಾರಿಯಿಲ್ಲ. ಮೊದಲ ಎರಡು ಮೂರು ಭೇಟಿಗಳಲ್ಲಿ ನಿಮ್ಮ ಮಾತು ಕಾಲು ಭಾಗ, ಅವರದು ಮುಕ್ಕಾಲು ಭಾಗ ಇರಲಿ. ಕನ್ನಡ ನಾಡಿನಲ್ಲಿ ಯೇಸುವಿನ ಹೆಸರನ್ನೇ ಕೇಳದವರು ಕಡಿಮೆ. ಮಿಷನ್ ಶಾಲೆಯಲ್ಲಿ ಓದಿರುತ್ತಾರೆ, ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ಆಗಿರುತ್ತದೆ, ಪಕ್ಕದ ಮನೆಯವರು ಕ್ರಿಸ್ಮಸ್‌ಗೆ ಕಲ್‌ಕಲ್ ತಿಂಡಿ ಕೊಟ್ಟಿರುತ್ತಾರೆ, ಹರಕೆಗೆಂದು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿರುತ್ತಾರೆ. ಅಜ್ಜಿಯೊಬ್ಬರು ಕ್ರೈಸ್ತ ಹಾಡನ್ನು ಗುನುಗಿದರೆ "ಅಮ್ಮಾ, ಈ ಹಾಡು ಯಾರು ಕಲಿಸಿದ್ರು?" ಎಂದು ಕೇಳಿ. ಆ ಉತ್ತರದಲ್ಲಿ ನಿಮಗೆ ಬೇಕಾದದ್ದು ಅರ್ಧ ಸಿಗುತ್ತದೆ.

ಉಪಯೋಗಕ್ಕೆ ಬರುವ ಇನ್ನೂ ಕೆಲವು ಪ್ರಶ್ನೆಗಳು: ನಿಮಗೆ ಗೊತ್ತಿರುವ ಕ್ರೈಸ್ತರು ಯಾರು, ಅವರು ಹೇಗೆ ಬದುಕುತ್ತಿದ್ದರು? ನಿಮಗಾಗಿ ಯಾರಾದರೂ ಪ್ರಾರ್ಥನೆ ಮಾಡಿದ್ದುಂಟೇ, ಆಮೇಲೆ ಏನಾಯಿತು? ಸತ್ಯವೇದದಲ್ಲಿ (ಬೈಬಲಿನಲ್ಲಿ) ಯಾವುದಾದರೂ ಕಥೆ ನೆನಪಿದೆಯೇ? ಕ್ರೈಸ್ತರಿಂದ ನಿಮಗೆ ನೋವಾದದ್ದುಂಟೇ? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸಾಲ ತೆಗೆದುಕೊಂಡು ವಾಪಸ್ ಕೊಡದ ವಿಶ್ವಾಸಿ, ಮನೆದೇವರನ್ನು ಬೈದು ಹೋದ ಪ್ರಚಾರಕ, ಕಾಣಿಕೆಗಾಗಿ ಪೀಡಿಸಿದವರು: ಇಂಥದ್ದೇನಾದರೂ ಇದ್ದರೆ ಮೊದಲು ಅದನ್ನು ಪೂರ್ತಿ ಕೇಳಿ, ತಪ್ಪನ್ನು ತಪ್ಪೆಂದು ಒಪ್ಪಬೇಕು. ಸಮರ್ಥನೆಗೆ ಇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಯೋಹಾನ 4ರಲ್ಲಿ ಬಾವಿಯ ಬಳಿ ಯೇಸು ಮಾಡಿದ್ದನ್ನು ನೋಡಿ. ಮೆಸ್ಸೀಯ, ಅಂದರೆ ದೇವರು ಕಳುಹಿಸುವ ರಕ್ಷಕ, ಬರುತ್ತಾನೆಂಬ ನಿರೀಕ್ಷೆ ಸಮಾರ್ಯದ ಆ ಹೆಂಗಸಿಗೆ ಮೊದಲೇ ಇತ್ತು. ಯೇಸು ಮಾತನ್ನು ಅಲ್ಲಿಗೇ ತಂದ. ಶಿಷ್ಯರಿಗೆ ಅವನು ಹೇಳಿದ್ದೂ ಅದೇ ಅಧ್ಯಾಯದಲ್ಲಿದೆ: ಪ್ರಯಾಸಪಟ್ಟವರು ಬೇರೆಯವರು, ನೀವು ಆ ಪ್ರಯಾಸದ ಫಲದೊಳಗೆ ಸೇರಿದ್ದೀರಿ.

ನನ್ನ ಸಾಕ್ಷಿಯನ್ನು ಎಷ್ಟು ಹೊತ್ತು, ಹೇಗೆ ಹೇಳಬೇಕು?

ಮೂರರಿಂದ ನಾಲ್ಕು ನಿಮಿಷ ಸಾಕು. ಬರೆದರೆ ಸುಮಾರು 300 ಪದ. ಮೊದಲು ಹೇಗಿದ್ದಿರಿ ಎಂಬುದಕ್ಕೆ ಒಂದು ನಿಮಿಷ. ಕ್ರಿಸ್ತನನ್ನು ಹೇಗೆ, ಯಾರ ಮೂಲಕ ತಿಳಿದಿರಿ ಎಂಬುದಕ್ಕೆ ಒಂದೂವರೆ. ಈಗ ಏನು ಬದಲಾಗಿದೆ, ಏನು ಇನ್ನೂ ಬದಲಾಗಿಲ್ಲ ಎಂಬುದಕ್ಕೆ ಉಳಿದದ್ದು. 'ಯಾರ ಮೂಲಕ' ಎಂಬುದನ್ನು ತಪ್ಪದೆ ಹೇಳಿ: ಭಾನುವಾರ ಶಾಲೆಯ ಟೀಚರ್, ವಾರ್ಡಿನ ನರ್ಸ್, ಹಾಸ್ಟೆಲ್ಲಿನ ಗೆಳತಿ. ಕೇಳುವವರಿಗೆ ತಮ್ಮ ಬದುಕಿನಲ್ಲಿರುವ ಅಂಥವರ ನೆನಪಾಗುತ್ತದೆ.

ಹೆಚ್ಚಾಗಿ ಕೆಡುವುದು ಮೂರು ಕಡೆ. ಹಳೆಯ ಪಾಪಗಳ ವರ್ಣನೆ ಉದ್ದವಾಗಿ ಕ್ರಿಸ್ತನಿಗೆ ಅರ್ಧ ನಿಮಿಷ ಉಳಿಯುವುದು ಒಂದು. ಸಭೆಯೊಳಗೆ ಮಾತ್ರ ಅರ್ಥವಾಗುವ ಮಾತುಗಳನ್ನು ಸುರಿಯುವುದು ಇನ್ನೊಂದು. 'ಅಭಿಷೇಕ', 'ಕುರಿಮರಿಯ ರಕ್ತ', 'ಬಿಡುಗಡೆ' ಇವು ಹೊರಗಿನವರಿಗೆ ಏನೂ ಹೇಳುವುದಿಲ್ಲ. ಮೂರನೆಯದು, ಬಿಟ್ಟುಬಂದ ನಂಬಿಕೆಯನ್ನೂ ಅದರ ಪೂಜೆ ಪದ್ಧತಿಗಳನ್ನೂ ಹೀಯಾಳಿಸುವುದು. ಅದರಿಂದ ಕೇಳುವವರ ತಂದೆತಾಯಿಗೆ ಅವಮಾನವಾಗುತ್ತದೆ. 1 ಪೇತ್ರ 3:15ರಲ್ಲಿ ಸಾತ್ವಿಕತ್ವದಿಂದ, ಮರ್ಯಾದೆಯಿಂದ ಉತ್ತರಿಸಿ ಎಂದಿರುವುದಕ್ಕೆ ವಿನಾಯಿತಿ ಇಲ್ಲ.

ಓದಲು ಏನು ಕೊಡಬೇಕು?

ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ಗಟ್ಟಿಯಾಗಿ ಓದಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ವಾರಕ್ಕೆ ಎರಡು ಅಧ್ಯಾಯದಂತೆ ಎಂಟು ವಾರ. ಪ್ರತಿ ಸಲ ಮೂರೇ ಪ್ರಶ್ನೆ: ಯೇಸು ಇಲ್ಲಿ ಏನು ಮಾಡಿದ? ಸುತ್ತಲಿದ್ದವರು ಹೇಗೆ ನಡೆದುಕೊಂಡರು? ನಿಮಗೆ ಅರ್ಥವಾಗದ್ದು, ಒಪ್ಪಿಗೆಯಾಗದ್ದು ಏನು? ಮೂರನೆಯದಕ್ಕೆ ಕೂಡಲೇ ಉತ್ತರ ಕೊಡಲೇಬೇಕೆಂದಿಲ್ಲ. ಬರೆದಿಟ್ಟುಕೊಂಡು ಮುಂದಿನ ವಾರ ಹೇಳಬಹುದು. ಮಾರ್ಕ ಮುಗಿಸಿದವರಿಗೆ ಯೋಹಾನ, ಆಮೇಲೆ ಅಪೊಸ್ತಲರ ಕೃತ್ಯಗಳು. ಇಡೀ ಸತ್ಯವೇದವನ್ನು ಕೈಗಿಟ್ಟು ಮೊದಲಿನಿಂದ ಓದಿ ಎಂದರೆ ಬಹಳ ಮಂದಿ ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ.

ಹಳೆಯ ಕನ್ನಡ ಅನುವಾದದ ಭಾಷೆ ಗಂಭೀರ, ಆರಾಧನೆಗೆ ಚೆನ್ನ; ಹೊಸಬರಿಗೆ, ಅದರಲ್ಲೂ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ, ಸರಳ ಕನ್ನಡದ ಅನುವಾದ ಕೊಡಿ. ಓದು ಬಾರದವರಿಗೆ ಮೊಬೈಲಿನಲ್ಲಿ ಆಡಿಯೊ ಹಾಕಿಕೊಟ್ಟು, ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೇಳಿಸದೆ, ಕಥೆಯನ್ನು ಅವರ ಬಾಯಲ್ಲೇ ಮತ್ತೆ ಹೇಳಿಸಿ.

ಕನ್ನಡದಲ್ಲಿ ಈ ಅಸ್ತಿವಾರ ಹಾಕಿದವರು ಯಾರು? ಅದನ್ನು ತಿಳಿಯುವುದರಿಂದ ಏನು ಲಾಭ?

ಒಬ್ಬರ ಮೇಲೆ ಒಬ್ಬರು ಕಟ್ಟಿದ್ದಕ್ಕೆ ನಮ್ಮ ಕೈಯಲ್ಲಿರುವ ಸತ್ಯವೇದವೇ ಸಾಕ್ಷಿ. 17ನೇ ಶತಮಾನದ ಮಧ್ಯದಲ್ಲೇ ಜೆಸ್ವಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದ್ದರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕುಳಿತರು. 1830ರ ದಶಕದ ಆರಂಭಕ್ಕೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಅದೇ ಸೊಸೈಟಿಯ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ತಂದರು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬರುವಾಗ ಬಳ್ಳಾರಿಯ ಆ ದುಡಿಮೆ ಮುಗಿದಿತ್ತು. ಮುಂದೆ ಮೋಗ್ಲಿಂಗ್, ವೈಗ್ಲೆ ಅನುವಾದವನ್ನು ತಿದ್ದಿ ಬೆಳೆಸಿದರು. ರೀವರ ನಿಘಂಟನ್ನು ಸ್ಯಾಂಡರ್ಸನ್ 1858ರಲ್ಲಿ ಪರಿಷ್ಕರಿಸಿದರು. ಕಿಟೆಲ್ಲರ ದೊಡ್ಡ ನಿಘಂಟು ಬಂದದ್ದು 1894ರಲ್ಲಿ. ಈ ಎಲ್ಲರಿಗೂ ಕನ್ನಡ ಕಲಿಸಿ, ಓದಿಸಿ, ತಪ್ಪು ತಿದ್ದಿದ ಊರಿನ ಪಂಡಿತರ ಹೆಸರುಗಳು ಮುಖಪುಟದಲ್ಲಿ ಬರಲಿಲ್ಲ. ಅವರ ಋಣವೂ ನಮ್ಮ ಮೇಲಿದೆ.

ಇವರಲ್ಲಿ ಕೆಲವರು ನಾಡಿನ ಅಸ್ತಿವಾರವನ್ನೂ ಗೌರವದಿಂದ ನೋಡಿದರು. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದವರು, ದಾಸರ ಪದಗಳನ್ನು ಅಚ್ಚು ಹಾಕಿಸಿದವರು. ಕಿಟೆಲ್ 'ಶಬ್ದಮಣಿದರ್ಪಣ'ವನ್ನೂ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ 'ಕಥಾಮಾಲೆ'ಯಾಗಿ 1862ರಲ್ಲಿ ಬರೆದರು. ಎದುರಿಗಿರುವವರ ಭಾಷೆ, ಹಾಡು, ನಡೆನುಡಿಯನ್ನು ಕಲಿಯದೆ ಸುವಾರ್ತೆ ಹೇಳಹೊರಡುವವರಿಗೆ ಇವರ ದುಡಿಮೆಯನ್ನು ಓದಿಸಬೇಕು.

ಲಾಭದ ಮಾತು: ಒಂದು ಊರಿನಲ್ಲಿ ಹಳೆಯ ಸಭೆಯ ಸಮಾಧಿ ಕಲ್ಲುಗಳು, ದೀಕ್ಷಾಸ್ನಾನದ (ಬ್ಯಾಪ್ಟಿಸಂನ) ದಾಖಲೆ ಪುಸ್ತಕ, ಮಿಷನ್ ಶಾಲೆಯ ಹಾಜರಿ ಪುಸ್ತಕ ಇದ್ದರೆ, ಆ ಊರಿನ ಯಾವ ಮನೆತನಗಳಿಗೆ ಹಿಂದೆ ಸಂಬಂಧವಿತ್ತು ಎಂಬುದು ತಿಳಿಯುತ್ತದೆ. ಸಭಾಪಾಲಕರ ಅನುಮತಿ ಪಡೆದು ನೋಡಿ.

ಹೊಸ ಊರಿಗೆ ಹೋಗುವ ಮುನ್ನ ಏನು ಮಾಡಬೇಕು?

ಅಲ್ಲಿ ಈಗಾಗಲೇ ಇರುವ ಸಭೆಗಳನ್ನು ಪಟ್ಟಿ ಮಾಡಿ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೋಡಿಸ್ಟ್, ಕಥೋಲಿಕ, ಬ್ಯಾಪ್ಟಿಸ್ಟ್, ಬ್ರದರನ್, ಪೆಂತೆಕೊಸ್ತ್, ಮನೆ ಕೂಟಗಳು, ಎಲ್ಲವೂ ಬರಲಿ. ಕನಿಷ್ಠ ಎರಡು ಭಾನುವಾರ ಸುಮ್ಮನೆ ಆರಾಧನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಆಮೇಲೆ ಸಭಾಪಾಲಕರನ್ನು ಭೇಟಿಯಾಗಿ. "ಅಯ್ಯನವರೇ, ಈ ಊರಲ್ಲಿ ನೀವು ಹೋಗಲು ಆಗದಿರುವ ಕಡೆ ಯಾವುದು? ನಾವು ಅಲ್ಲಿ ಕೈ ಜೋಡಿಸಬಹುದೇ?" ಎಂದು ಕೇಳುವುದಕ್ಕೂ, "ನಾವು ಮುಂದಿನ ತಿಂಗಳು ಕೂಟ ಶುರುಮಾಡುತ್ತಿದ್ದೇವೆ" ಎಂದು ತಿಳಿಸುವುದಕ್ಕೂ ಬಹಳ ಅಂತರವಿದೆ. ಹೆಚ್ಚಿನವರು ಎರಡನೆಯದನ್ನು ಮಾಡಿ, ಸಹಕಾರ ಸಿಗಲಿಲ್ಲವೆಂದು ದೂರುತ್ತಾರೆ.

ಕೂಟದ ವೇಳೆಯನ್ನು ಇರುವ ಸಭೆಯ ಆರಾಧನೆಯ ವೇಳೆಗೆ ಇಡಬೇಡಿ. ಅದೇ ಬೀದಿಯಲ್ಲಿ ಧ್ವನಿವರ್ಧಕ ಬೇಡ. ಮೊದಲ ಆರು ತಿಂಗಳು ಬೇರೆ ಸಭೆಯ ಸದಸ್ಯರಿಂದ ಕಾಣಿಕೆ, ದಶಮಾಂಶ (ಗಳಿಕೆಯ ಹತ್ತನೇ ಒಂದು ಪಾಲು) ಪಡೆಯುವುದಿಲ್ಲವೆಂದು ಮೊದಲೇ ಹೇಳಿ, ಹಾಗೆಯೇ ನಡೆದುಕೊಳ್ಳಿ. ಅನುಮಾನ ಕರಗಿಸಲು ಇದಕ್ಕಿಂತ ಬೇಗ ಕೆಲಸ ಮಾಡುವುದು ನಮಗೆ ಗೊತ್ತಿಲ್ಲ.

ಬೇರೆ ಸಭೆಯವರು ನಮ್ಮ ಕೂಟಕ್ಕೆ ಬಂದರೆ ಸೇರಿಸಿಕೊಳ್ಳಬಹುದೇ?

ಬರಬೇಡಿ ಎನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಸದಸ್ಯತ್ವ ಕೊಡುವ ಮೊದಲು ಏಕೆ ಬಂದರೆಂದು ಕೇಳಬೇಕು. ಜಗಳ ಮಾಡಿಕೊಂಡು ಬಂದಿದ್ದರೆ ಮೊದಲು ಹೋಗಿ ರಾಜಿಯಾಗಲು ಒಂದು ಅವಕಾಶ ಕೊಡಿ, ಬೇಕಾದರೆ ಜೊತೆಗೆ ಹೋಗಿ. ಊರು ಬದಲಿಸಿ ಬಂದವರಾದರೆ ಹಿಂದಿನ ಸಭಾಪಾಲಕರಿಂದ ಶಿಫಾರಸು ಪತ್ರ ತರಿಸಿಕೊಳ್ಳಿ. ಇದು ಆಫೀಸಿನ ಕಾಗದಪತ್ರದ ಹಟವಲ್ಲ; ಅಪೊಲ್ಲೋಸ ಕೊರಿಂಥ ಇರುವ ಅಖಾಯ ಪ್ರಾಂತಕ್ಕೆ ಹೊರಟಾಗ ಎಫೆಸದ ಸಹೋದರರು ಅಲ್ಲಿನ ಶಿಷ್ಯರಿಗೆ ಅವನನ್ನು ಸೇರಿಸಿಕೊಳ್ಳಿ ಎಂದು ಬರೆದು ಕಳುಹಿಸಿದ್ದರು (ಅಪೊಸ್ತಲರ ಕೃತ್ಯಗಳು 18:27).

ಒಂದು ಸಂದರ್ಭದಲ್ಲಿ ಪತ್ರ ಕೇಳಬಾರದು: ಅಲ್ಲಿನ ನಾಯಕರಿಂದಲೇ ದೌರ್ಜನ್ಯವಾಗಿ ಓಡಿಬಂದವರ ವಿಷಯದಲ್ಲಿ. ಅವರಿಗೆ ಮೊದಲು ರಕ್ಷಣೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯೊಳಗೆ ಮುಚ್ಚಿ ತೀರ್ಮಾನಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098.

ಮೊದಲು ಕಲಿಸಿದವರು ತಪ್ಪು ಕಲಿಸಿದ್ದರೆ?

ಎರಡು ಬಗೆ. ಕಲಿಸಿದ್ದು ಸರಿ, ಆದರೆ ಅರ್ಧ ಎಂಬುದು ಮೊದಲನೆಯದು. ಅಪೊಲ್ಲೋಸನಿಗೆ ಸ್ನಾನಿಕನಾದ ಯೋಹಾನನ ದೀಕ್ಷಾಸ್ನಾನ ಮಾತ್ರ ಗೊತ್ತಿತ್ತು. ಪ್ರಿಸ್ಕಿಲ್ಲ ಮತ್ತು ಅಕ್ವಿಲ ಸಭಾಮಂದಿರದಲ್ಲಿ ಎದ್ದುನಿಂತು ತಿದ್ದಲಿಲ್ಲ. ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸೂಕ್ಷ್ಮವಾಗಿ ವಿವರಿಸಿದರು. ಗುಡಾರ ಹೊಲಿಯುವ ದಂಪತಿ ಪಂಡಿತನಿಗೆ ಪಾಠ ಹೇಳಿದರು, ಪಂಡಿತ ಕೇಳಿಸಿಕೊಂಡ. ಇಂದಿಗೂ ತಿದ್ದಬೇಕಾದದ್ದನ್ನು ಇಬ್ಬರು ಮೂವರು ಕುಳಿತು, ಮೊದಲು ಒಪ್ಪುವ ಅಂಶಗಳನ್ನು ಹೇಳಿ, ಆಮೇಲೆ ಉಳಿದದ್ದನ್ನು ವಚನ ತೆರೆದು ತೋರಿಸಬೇಕು.

ಎರಡನೆಯದು ಹಾನಿ ಮಾಡುವ ಬೋಧನೆ. 'ಬೀಜದ ಕಾಣಿಕೆ' ಕೊಟ್ಟರೆ ನೂರರಷ್ಟು ವಾಪಸ್ ಬರುತ್ತದೆ ಎಂಬುದು, ಗುಣವಾಗದಿದ್ದರೆ ನಿನ್ನ ನಂಬಿಕೆ ಸಾಲದು ಎಂಬುದು, ಮಾತ್ರೆ ನುಂಗಿದರೆ ಅವಿಶ್ವಾಸ ಎಂಬುದು. ಇದರಲ್ಲಿ ಕೊನೆಯದಕ್ಕೆ ಒಂದು ದಿನವೂ ಕಾಯಬೇಡಿ. ಇನ್ಸುಲಿನ್ ನಿಲ್ಲಿಸಿದರೆ ಸಕ್ಕರೆ ಕಾಯಿಲೆಯವರ ಜೀವಕ್ಕೆ ಕೆಲವೇ ದಿನಗಳಲ್ಲಿ ಅಪಾಯ ಬರಬಹುದು. ಫಿಟ್ಸ್ ಮಾತ್ರೆ ತಟ್ಟನೆ ಬಿಟ್ಟರೆ ಫಿಟ್ಸ್ ಮರುಕಳಿಸಿ ನಿಲ್ಲದೆ ಹೋಗಬಹುದು. ಸಾಮಾನ್ಯವಾಗಿ ಆರು ತಿಂಗಳು ನಡೆಯುವ ಕ್ಷಯದ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯವಾಗಬಹುದು. ಪ್ರಾರ್ಥಿಸಿ, ಅದೇ ದಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಇದನ್ನು ಕಲಿಸಿದವರನ್ನು ಹೆಸರು ಹಿಡಿದು ಬೈಯುವುದರಿಂದ ರೋಗಿಗೆ ಏನೂ ಆಗುವುದಿಲ್ಲ. ಆ ಕಲಿಸಿದವರ ಜೊತೆ ಹಿರಿಯರು ಬೇರೆಯಾಗಿ ಮಾತಾಡಲಿ.

ಬಡವರಿಗೆ ಸಹಾಯ ಮಾಡಿದರೆ ಆಮಿಷ ಎನ್ನುತ್ತಾರೆ. ಏನು ಮಾಡಬೇಕು?

ಸಹಾಯ ನಿಲ್ಲಿಸಬೇಡಿ, ಆದರೆ ಅದನ್ನು ಬೋಧನೆಯಿಂದ ಬೇರೆ ಇಡಿ. ಅಕ್ಕಿ, ಟ್ಯೂಷನ್, ಹೊಲಿಗೆ ಯಂತ್ರ ಯಾವುದೇ ಇರಲಿ, ಅಗತ್ಯವನ್ನು ಮಾತ್ರ ನೋಡಿ ಎಲ್ಲ ಧರ್ಮದವರಿಗೂ ಕೊಡಿ. ಕೊಡುವ ದಿನ, ಕೊಡುವ ಜಾಗ, ಆದಷ್ಟು ಕೊಡುವ ಜನರೂ ಬೇರೆ ಇರಲಿ. ಕೂಟಕ್ಕೆ ಬಂದವರ ಹಾಜರಿಯನ್ನು ಸಹಾಯದ ಪಟ್ಟಿಗೆ ಜೋಡಿಸಲೇಬೇಡಿ. ಲೆಕ್ಕ ಬರೆದಿಡಿ.

ಚರಿತ್ರೆಯಲ್ಲೂ ಇದರ ತೊಡಕು ಕಾಣುತ್ತದೆ. ಕರಾವಳಿಯಲ್ಲಿ ಕ್ರೈಸ್ತರಾದವರು ಮನೆ, ಕಸುಬು ಕಳೆದುಕೊಂಡಾಗ ಬಾಸೆಲ್ ಮಿಷನ್ ನೇಯ್ಗೆ ಶಾಲೆಗಳನ್ನೂ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಅದು ಸಾವಿರಾರು ಸಂಸಾರಗಳನ್ನು ಬದುಕಿಸಿತು, ಅದನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಸಭೆಯೂ ಸಂಬಳವೂ ಒಂದೇ ಕೈಯಲ್ಲಿದ್ದಾಗ ನಂಬಿಕೆಯನ್ನು ಶೋಧಿಸುವುದು ಬೋಧಕರಿಗೂ ಕಷ್ಟ, ನಂಬಿದವರಿಗೂ ಕಷ್ಟ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಎಂದರೆ ತನ್ನ ಧರ್ಮದ ತತ್ವಗಳನ್ನು ತಿಳಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು.

ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆಯಿಂದ ಮತಾಂತರ ಮಾಡುವುದು ಅದರಡಿ ಅಪರಾಧ. ಆಮಿಷದ ವ್ಯಾಖ್ಯಾನ ವಿಶಾಲವಾಗಿದೆ: ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೈವಕೋಪದ ಮಾತು, ಒಂದು ಧರ್ಮದ ಆಚರಣೆಯನ್ನು ಕೀಳಾಗಿ ತೋರಿಸುವುದು ಕೂಡ ಅದರಲ್ಲಿವೆ. ಧರ್ಮ ಬದಲಿಸಲು ಇಚ್ಛಿಸುವವರೂ ವಿಧಿ ನಡೆಸುವವರೂ ಜಿಲ್ಲಾಡಳಿತಕ್ಕೆ 30 ದಿನ ಮೊದಲೇ ಘೋಷಣೆ ಸಲ್ಲಿಸಬೇಕು. ಆಮೇಲೆ 30 ದಿನದೊಳಗೆ ಮತ್ತೊಂದು ಘೋಷಣೆ. ಶಿಕ್ಷೆ 3ರಿಂದ 5 ವರ್ಷ ಮತ್ತು 25,000 ರೂ. ದಂಡ, ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರ ವಿಷಯದಲ್ಲಿ 10 ವರ್ಷದವರೆಗೆ ಮತ್ತು 50,000 ರೂ. ಒಂದೇ ಸಲ ಇಬ್ಬರು ಅಥವಾ ಹೆಚ್ಚು ಮಂದಿ ಮತಾಂತರವಾದರೆ ಅದು ಸಾಮೂಹಿಕ ಮತಾಂತರ. ರಕ್ತಸಂಬಂಧಿಗಳು, ಸಹೋದ್ಯೋಗಿಗಳೂ ದೂರು ಕೊಡಬಹುದು. ಇದನ್ನು ಹಿಂತೆಗೆಯಲು 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನದಿಂದಲೇ ಕಾಯ್ದೆ ಹೋಗುವುದಿಲ್ಲ, ವಿಧಾನಮಂಡಲ ರದ್ದುಗೊಳಿಸಬೇಕು. ಆದ್ದರಿಂದ ದೀಕ್ಷಾಸ್ನಾನದ ದಿನ ಗೊತ್ತುಮಾಡುವ ಮೊದಲು ವಕೀಲರಿಂದ ಆ ದಿನದ ಸ್ಥಿತಿ ಖಚಿತಪಡಿಸಿಕೊಳ್ಳಿ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತರಾದ ದಲಿತರು ಆ ಮೀಸಲಾತಿ ಕಳೆದುಕೊಳ್ಳುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತು ಇಲ್ಲ. ಮಗನ ಕಾಲೇಜು ಸೀಟು, ಸರ್ಕಾರಿ ನೌಕರಿ ಇದರ ಮೇಲೆ ನಿಂತಿರುವ ಸಂಸಾರಕ್ಕೆ ಇದನ್ನು ಮೊದಲೇ, ಬಿಡಿಸಿ ಹೇಳುವುದು ಸತ್ಯವಂತಿಕೆ. ಬೆಲೆ ಎಣಿಸಿ ನೋಡಿ ಎಂದು ಯೇಸುವೇ ಹೇಳಿದ್ದಾನೆ (ಲೂಕ 14:28).

ಮನೆಯವರು ಬೇರೆ ಧರ್ಮದವರು. ಅವರನ್ನು ನೋಯಿಸದೆ ಹೇಗೆ ನಡೆಯಬೇಕು?

ಮನೆ ಬಿಡುವಂತೆ ಯಾರಿಗೂ ಸಲಹೆ ಕೊಡಬೇಡಿ. ಜೀವಕ್ಕೆ ಅಪಾಯವಿದ್ದರೆ ಮಾತು ಬೇರೆ. 18 ತುಂಬದವರಿಗೆ ತಂದೆತಾಯಿಗೆ ತಿಳಿಯದಂತೆ ಬೋಧನೆಯೂ ಬೇಡ, ದೀಕ್ಷಾಸ್ನಾನವಂತೂ ಬೇಡವೇ ಬೇಡ. ದೊಡ್ಡವರಾದವರು ಮನೆಯ ಕೆಲಸ, ಹಿರಿಯರ ಸೇವೆ, ಸಂಬಳದಲ್ಲಿ ಮನೆಗೆ ಕೊಡುವ ಪಾಲು ಮೊದಲಿಗಿಂತ ಕಡಿಮೆ ಮಾಡಬಾರದು. ಮಗ ಚರ್ಚಿಗೆ ಹೋಗಲು ಶುರುಮಾಡಿದ ಮೇಲೆ ಒಳ್ಳೆಯವನಾದ ಎಂದು ತಾಯಿಗೆ ಅನ್ನಿಸಿದರೆ, ಆ ಮನೆಯಲ್ಲಿ ಮುಂದಿನ ಮಾತಿಗೆ ಜಾಗ ಉಳಿಯುತ್ತದೆ.

ಪ್ರಸಾದದ ಪ್ರಶ್ನೆ ಬಂದೇ ಬರುತ್ತದೆ. 1 ಕೊರಿಂಥ 8 ಮತ್ತು 10ನ್ನು ಪೂರ್ತಿ ಓದಿ, ನಿಮ್ಮ ಸಭಾಪಾಲಕರ ಜೊತೆ ತೀರ್ಮಾನಿಸಿ. ಸಭೆಗಳ ಅಭಿಪ್ರಾಯ ಬೇರೆ ಬೇರೆ ಇದೆ. ಬೇಡ ಎನ್ನುವುದಾದರೆ ಕೈ ಮುಗಿದು ಮೆಲ್ಲಗೆ ಹೇಳಿ. ಮುಖ ಸಿಂಡರಿಸಿ ಎದ್ದುಹೋಗುವುದು, ಕೊಟ್ಟದ್ದನ್ನು ಅವರ ಕಣ್ಣೆದುರೇ ಚೆಲ್ಲುವುದು ನಂಬಿಕೆಯ ಲಕ್ಷಣವಲ್ಲ.

ದೀಕ್ಷಾಸ್ನಾನ ಕೊಡಬೇಕಾದವರು ಯಾರು? ಎಷ್ಟು ಕಾಯಬೇಕು?

ಕರೆದುತಂದವರೇ ಕೊಡಬೇಕೆಂಬುದಿಲ್ಲ. ಕೊರಿಂಥದಲ್ಲಿ ಕ್ರಿಸ್ಪ, ಗಾಯ, ಸ್ತೆಫನನ ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಕೊಟ್ಟ ನೆನಪಿಲ್ಲವೆಂದು ಪೌಲ ಬರೆದಿದ್ದಾನೆ, ಪೌಲನ ಹೆಸರಿನಲ್ಲಿ ದೀಕ್ಷಾಸ್ನಾನವಾಯಿತೆಂದು ಯಾರೂ ಹೇಳುವಂತಿಲ್ಲವೆಂದು ದೇವರಿಗೆ ಕೃತಜ್ಞನೂ ಆಗಿದ್ದಾನೆ. ಮುಂದೆ ಆ ಮನುಷ್ಯ ಬಾಳಬೇಕಾದ ಸಭೆಯ ಸಭಾಪಾಲಕರು ಕೊಡುವುದು ಒಳ್ಳೆಯದು. ನಾಲ್ಕರಿಂದ ಆರು ತಿಂಗಳ ಬೋಧನೆ ಕನಿಷ್ಠ ಎನ್ನುತ್ತೇವೆ. ಕಥೋಲಿಕ ಸಭೆಯಲ್ಲಿ ಇದು ಹೆಚ್ಚಾಗಿ ಈಸ್ಟರ್ ಹಿಂದಿನ ರಾತ್ರಿಯ ಕಡೆಗೆ ಸಾಗುವ ದೀರ್ಘ ಸಿದ್ಧತೆ. ನೀರಿನಿಂದ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರ ಹೆಸರಿನಲ್ಲಿ ದೀಕ್ಷಾಸ್ನಾನ ಈಗಾಗಲೇ ಆಗಿದ್ದರೆ ಸಿ.ಎಸ್.ಐ., ಕಥೋಲಿಕ ಸಭೆಗಳು ಮತ್ತೆ ಕೊಡುವುದಿಲ್ಲ. ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳು ಶಿಶುಸ್ನಾನವನ್ನು ಒಪ್ಪುವುದಿಲ್ಲ. ಈ ವ್ಯತ್ಯಾಸವನ್ನು ಹೊಸಬರಿಗೆ ನೀರಿಗಿಳಿಯುವ ಮೊದಲೇ ತಿಳಿಸಿ.

ವರ್ಷಗಟ್ಟಲೆ ಫಲವೇ ಕಾಣುತ್ತಿಲ್ಲ. ನಿಲ್ಲಿಸಬೇಕೇ?

ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಮೊದಲ ಬಂಗಾಳಿ ವಿಶ್ವಾಸಿ ಕೃಷ್ಣ ಪಾಲ್ ಸೆರಾಂಪುರದಲ್ಲಿ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್ 28ರಂದು. ಆ ಫಲವೂ ಕೇರಿಯೊಬ್ಬರದಲ್ಲ. ಬಡಗಿ ಕೃಷ್ಣ ಪಾಲರ ಕೈಕೀಲು ತಪ್ಪಿದಾಗ ಕೂರಿಸಿದವರು ವೈದ್ಯ ಜಾನ್ ಥಾಮಸ್. ಅವರು ಕೇರಿಗಿಂತ ವರ್ಷಗಳ ಮೊದಲೇ ಬಂಗಾಳದಲ್ಲಿ ಕೆಲಸ ಮಾಡಿದ್ದವರು. ಕೇರಿಗೆ ಬಂಗಾಳಿ ಕಲಿಸಿದ ರಾಮರಾಮ ಬಸು ಅದಕ್ಕೂ ಮೊದಲು ಥಾಮಸರ ಮುನ್ಷಿ, ಅಂದರೆ ಭಾಷೆ ಕಲಿಸುವವರು, ಆಗಿದ್ದರು. ಅಮೆರಿಕದ ಮಿಷನರಿ ಅಡೋನಿರಾಮ್ ಜಡ್ಸನ್ 1813ರಲ್ಲಿ ಬರ್ಮಾದ ರಂಗೂನ್ ಸೇರಿದಾಗ ಉಳಿಯಲು ಸಿಕ್ಕಿದ್ದು ಕೇರಿಯವರ ಮಗ ಫೆಲಿಕ್ಸ್ ಇದ್ದ ಮಿಷನ್ ಮನೆ. ಮೊದಲ ಬರ್ಮೀ ವಿಶ್ವಾಸಿಗೆ ದೀಕ್ಷಾಸ್ನಾನವಾದದ್ದು 1819ರಲ್ಲಿ.

ನಿಲ್ಲಿಸಬೇಕೇ ಎನ್ನುವ ಮೊದಲು ಮೂರು ವಿಷಯ ಪರೀಕ್ಷಿಸಿ. ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುತ್ತಿದ್ದೀರಾ? ನಿಮ್ಮ ಬದುಕನ್ನು ಹತ್ತಿರದಿಂದ ನೋಡಲು ಅವರಿಗೆ ಅವಕಾಶವಿದೆಯೇ, ಅಥವಾ ವಾರಕ್ಕೊಂದು ಗಂಟೆ ಮಾತ್ರ ಕಾಣುತ್ತೀರಾ? ಅವರು ಬೇಡವೆಂದು ಹೇಳಿದ್ದಾರೆಯೇ? ಬೇಡವೆಂದವರನ್ನು ಬೆನ್ನು ಹತ್ತಬಾರದು. ಸ್ನೇಹ ಮುಂದುವರಿಸಿ, ಬೋಧನೆ ನಿಲ್ಲಿಸಿ.

ವರದಿಯಲ್ಲಿ ಸಂಖ್ಯೆ ಹೇಗೆ ಬರೆಯಬೇಕು?

ಒಬ್ಬರನ್ನೇ ಎರಡು ಮೂರು ಸಂಸ್ಥೆಗಳು ತಮ್ಮ ಫಲವೆಂದು ಬರೆದುಕೊಳ್ಳುವುದು ಬಹಳ ನಡೆಯುತ್ತದೆ. ಇದನ್ನು ತಪ್ಪಿಸಲು 'ರಕ್ಷಣೆ ಹೊಂದಿದವರು' ಎಂಬ ಒಂದೇ ಕಾಲಂ ಬಿಟ್ಟು, ಓದಲು ಶುರುಮಾಡಿದವರು, ಓದು ಮುಗಿಸಿದವರು, ಸ್ಥಳೀಯ ಸಭೆಗೆ ಸೇರಿದವರು ಎಂದು ಬೇರೆ ಬೇರೆ ಬರೆಯಿರಿ. ಪ್ರತಿಯೊಬ್ಬರ ಎದುರು 'ಮೊದಲು ಕಲಿಸಿದವರು' ಎಂಬ ಕಾಲಂ ಇರಲಿ. ಫೋಟೊ, ಹೆಸರು, ಊರು ಇವನ್ನು ಒಪ್ಪಿಗೆಯಿಲ್ಲದೆ ವಾಟ್ಸಾಪ್‌ಗೂ ದಾನಿಗಳ ಪತ್ರಕ್ಕೂ ಹಾಕಬಾರದು. ಇದರಿಂದ ಮನೆಯವರ ಹೊಡೆತ, ಪೊಲೀಸ್ ದೂರು ಎರಡೂ ಬರಬಹುದು.

ಕೊಲ್ಲಿ ದೇಶಗಳ ಕನ್ನಡ ಕೂಟಗಳಿಗೂ ಇದೇ ಅನ್ವಯಿಸುತ್ತದೆಯೇ?

ಅಲ್ಲಿನ ಕಾನೂನು ಇನ್ನೂ ಬಿಗಿ. ಯು.ಎ.ಇ., ಕುವೈತ್, ಒಮಾನ್‌ಗಳಲ್ಲಿ ಅನುಮತಿಯಿರುವ ಆವರಣದಲ್ಲಿ ಆರಾಧನೆ ಮಾಡಬಹುದು. ಮುಸ್ಲಿಮರಿಗೆ ಮತಪ್ರಚಾರ ಮಾಡುವಂತಿಲ್ಲ, ರಸ್ತೆಯಲ್ಲಿ ಕರಪತ್ರ ಹಂಚುವಂತಿಲ್ಲ. ಕೂಟ ಶುರುಮಾಡುವ ಮೊದಲು ಅಲ್ಲಿನ ಸಭಾ ಆವರಣದ ಆಡಳಿತದವರನ್ನು ಕೇಳಿ.

ನಾನು ವರ್ಗವಾಗಿ ಹೋಗುತ್ತಿದ್ದೇನೆ. ಕೆಲಸ ಒಪ್ಪಿಸುವುದು ಹೇಗೆ?

ಕನಿಷ್ಠ ಎಂಟು ವಾರ ಇಟ್ಟುಕೊಳ್ಳಿ. ಮೊದಲ ಎರಡು ವಾರ ಹೊಸಬರು ಸುಮ್ಮನೆ ಜೊತೆಗೆ ಬರಲಿ. ಮುಂದಿನ ನಾಲ್ಕು ವಾರ ಅವರು ನಡೆಸಲಿ, ನೀವು ಪಕ್ಕದಲ್ಲಿ ಕುಳಿತಿರಿ. ಕೊನೆಯ ಎರಡು ವಾರ ನೀವು ಹೋಗಲೇಬೇಡಿ. ಅಡಚಣೆ ಏನಾದರೂ ಬಂದರೆ ನೀವಿನ್ನೂ ಊರಲ್ಲಿರುವಾಗಲೇ ಗೊತ್ತಾಗಲಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೂ ಅರ್ಧ ಪುಟ: ಯಾರಿದ್ದಾರೆ, ಎಲ್ಲಿಯವರೆಗೆ ಓದಿದ್ದಾರೆ, ಯಾವ ಪ್ರಶ್ನೆ ಉಳಿದಿದೆ, ನಿಮಗಿಂತ ಮೊದಲು ಅವರಿಗೆ ಕಲಿಸಿದವರು ಯಾರು. ಗುಟ್ಟಾಗಿ ಹೇಳಿಕೊಂಡ ಸಂಗತಿಗಳನ್ನು ಬರೆಯಬೇಡಿ; ಹೊಸಬರಿಗೆ ತಿಳಿಸಬಹುದೇ ಎಂದು ಆಯಾ ಮನೆಯವರನ್ನೇ ಕೇಳಿ.

ಹಣ ಇದ್ದರೆ ಕೈಬರಹದ ಲೆಕ್ಕ, ಉಳಿಕೆ, ರಸೀದಿ ಪುಸ್ತಕವನ್ನು ಇಬ್ಬರು ಹಿರಿಯರ ಎದುರು ಸಹಿ ಮಾಡಿ ಕೊಡಿ. ಖಾತೆ ನಿಮ್ಮ ಸ್ವಂತ ಹೆಸರಿನಲ್ಲಿದ್ದರೆ ಅದನ್ನು ಮೊದಲು ಸರಿಪಡಿಸಿ. ಸಭೆಯ ಹೆಸರಿನ ಖಾತೆ, ಇಬ್ಬರ ಸಹಿ ಇರಲಿ. ಕೂಟ ನಡೆಯುವ ಮನೆಯ ಬೀಗದ ಕೈ, ಹಾಡಿನ ಪುಸ್ತಕಗಳ ಎಣಿಕೆ, ವಾಟ್ಸಾಪ್ ಗುಂಪಿನ ಅಡ್ಮಿನ್ ಸ್ಥಾನ ಇವನ್ನೂ ಒಪ್ಪಿಸಿ ಗುಂಪಿನಿಂದ ಹೊರಬನ್ನಿ.

ಹೋದ ಮೇಲೆ ಹಳೆಯ ಮನೆಗಳಿಂದ ಫೋನ್ ಬರುತ್ತದೆ, ಹೊಸಬರು ನಿಮ್ಮಷ್ಟು ಚೆನ್ನಾಗಿ ಪ್ರಾರ್ಥನೆ ಮಾಡುವುದಿಲ್ಲ ಎಂದು. ಆ ಮಾತು ಹಿತವಾಗಿರುತ್ತದೆ, ಅದಕ್ಕೇ ಎಚ್ಚರ. ಕ್ಷೇಮ ವಿಚಾರಿಸಿ, ಸಲಹೆಯ ವಿಷಯ ಬಂದರೆ "ಅಲ್ಲಿರುವ ಅಣ್ಣನವರನ್ನೇ ಕೇಳಿ" ಎಂದು ಹೇಳಿ. ಮೊದಲ ಆರು ತಿಂಗಳು, ಹೊಸಬರೇ ಕರೆದ ಹೊರತು, ಆ ಊರಿನ ಕೂಟಕ್ಕೆ ಹೋಗಬೇಡಿ.